ಆಘಾತೋತ್ತರ ಒತ್ತಡದ ಸ್ವಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ, ಪ್ರವಾಹ, ಯುದ್ಧ, ಹೆರಿಗೆಯ ಹೊತ್ತಿನಲ್ಲಿ ಪ್ರಾಣಕ್ಕೆ ಬಂದ ಗಂಡಾಂತರ. ಇಂಥದ್ದನ್ನು ದಾಟಿ ಬಂದವರಲ್ಲಿ ಕೆಲವರು ಕೆಲವು ವಾರಗಳ ಬಳಿಕ, ಇನ್ನು ಕೆಲವರು ಎಷ್ಟೋ ವರ್ಷಗಳ ಬಳಿಕ, ತಮಗೆ ಆಘಾತೋತ್ತರ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಇರಬಹುದೇ ಎಂದು ನೋಡಲು ಒಂದು ಪ್ರಶ್ನಾವಳಿಯನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಹಾಗೆ ಕೂತಾಗ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ತುರ್ತಿನದು ಮೊದಲು.

ಸತ್ತರೆ ಸಾಕು ಅನ್ನಿಸುತ್ತಿದೆ. ಮೊದಲು ಪ್ರಶ್ನಾವಳಿ ತುಂಬಲೇ?

ಬೇಡ. ಪ್ರಶ್ನಾವಳಿ ನಾಳೆಯೂ ಇರುತ್ತದೆ. ಈಗಲೇ ನಂಬಿಕೆಯ ಒಬ್ಬರನ್ನು ಪಕ್ಕಕ್ಕೆ ಕರೆಸಿಕೊಳ್ಳಿ. ನೀವಿರುವ ದೇಶದ ತುರ್ತು ಸಂಖ್ಯೆಗೋ ಆತ್ಮಹತ್ಯೆ ತಡೆ ಸಹಾಯವಾಣಿಗೋ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಪ್ರಾಣಕ್ಕೆ ಅಪಾಯ ತರುವ ವಸ್ತು ಕೈಗೆಟುಕುವಂತಿದ್ದರೆ ಅದನ್ನು ಬೇರೆಯವರ ವಶಕ್ಕೆ ಕೊಡಿ.

ಇಲ್ಲೊಂದು ಮಾತು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಆಘಾತೋತ್ತರ ಒತ್ತಡಕ್ಕೆ ಹೆಚ್ಚಾಗಿ ಬಳಸುವ ಪಿಸಿಎಲ್-5 ಪ್ರಶ್ನಾವಳಿಯಲ್ಲಿ ಆತ್ಮಹತ್ಯೆಯ ಯೋಚನೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅಂಕ ಕಡಿಮೆ ಬಂತೆಂದ ಮಾತ್ರಕ್ಕೆ ಆ ವಿಷಯದಲ್ಲಿ ನೀವು ಕ್ಷೇಮ ಎಂದು ಅರ್ಥವಾಗುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು, ಬೇರೆಯಾಗಿಯೇ ಹೇಳಬೇಕು.

ಸ್ವಪರೀಕ್ಷೆ ಮಾಡಿಕೊಂಡರೆ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗುತ್ತದೆಯೇ?

ಇಲ್ಲ. ಪ್ರಶ್ನಾವಳಿ ಮಾಡುವ ಕೆಲಸ ಜರಡಿಯದು. ಯಾರು ಮುಂದಿನ ತಪಾಸಣೆಗೆ ಹೋಗಬೇಕು ಎಂಬುದನ್ನು ಅದು ಬೇರ್ಪಡಿಸಿ ಕೊಡುತ್ತದೆ, ಅಷ್ಟೆ. ರೋಗನಿರ್ಣಯ ಆಗುವುದು ತರಬೇತಿ ಪಡೆದವರು ಎದುರು ಕೂತು ಮಾತಾಡಿಸಿದ ಮೇಲೆ. ಅದಕ್ಕೆ ಬಳಸುವ ಕ್ಯಾಪ್ಸ್-5 ಎಂಬ ಸಂದರ್ಶನದಲ್ಲಿ 30 ಅಂಶಗಳಿವೆ. ಒಂದೊಂದು ಲಕ್ಷಣಕ್ಕೂ 'ಎಷ್ಟು ಸಲ', 'ಎಷ್ಟು ತೀವ್ರ', 'ಇದು ಆ ಘಟನೆಗೆ ಸಂಬಂಧಿಸಿದ್ದೇ' ಎಂದು ಕೆದಕಿ ಕೇಳುತ್ತಾರೆ. ಹಾಗೆ ಕೆದಕುವ ಶಕ್ತಿ ಕಾಗದಕ್ಕಿಲ್ಲ.

ಆದರೂ ಸ್ವಪರೀಕ್ಷೆ ವ್ಯರ್ಥವಲ್ಲ. ಎಷ್ಟೋ ಜನ ನಿದ್ದೆ ಬರದಿರುವುದು ಒಂದು ಸಮಸ್ಯೆ, ಸಿಡುಕು ಇನ್ನೊಂದು, ಗೆಳೆಯರಿಂದ ದೂರ ಸರಿದದ್ದು ಮತ್ತೊಂದು ಎಂದು ಬಿಡಿಬಿಡಿಯಾಗಿ ನೋಡಿಕೊಂಡು ವರ್ಷಗಟ್ಟಲೆ ಕಳೆದಿರುತ್ತಾರೆ. ಎಲ್ಲವೂ ಒಂದೇ ಹಾಳೆಯ ಮೇಲೆ, ಒಂದೇ ಘಟನೆಯ ಕೆಳಗೆ ಬಂದಾಗ ಮೊದಲ ಬಾರಿಗೆ ಅವುಗಳ ನಡುವಿನ ನಂಟು ಕಾಣುತ್ತದೆ. ಕೊನೆಯಲ್ಲಿ ಬರುವ ಅಂಕಕ್ಕಿಂತ ಇದೇ ದೊಡ್ಡ ಲಾಭ ಎಂಬುದು ನನ್ನ ಅಭಿಪ್ರಾಯ.

ನನಗಾದದ್ದು 'ಆಘಾತ' ಅನ್ನುವಷ್ಟು ದೊಡ್ಡದೇ? ಬೇರೆಯವರಿಗೆ ಇದಕ್ಕಿಂತ ಕೆಟ್ಟದ್ದು ಆಗಿದೆ.

ಈ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಂಡು ಪ್ರಶ್ನಾವಳಿಯ ಮೊದಲ ಸಾಲನ್ನೂ ದಾಟದವರಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೇ ಆವೃತ್ತಿ, ಅಂದರೆ 2013ರ ಡಿಎಸ್‌ಎಂ-5, ಸಾವು, ಸಾವಿನ ಬೆದರಿಕೆ, ಗಂಭೀರ ಗಾಯ ಅಥವಾ ಲೈಂಗಿಕ ಹಿಂಸೆ ಎಂಬ ಗೆರೆ ಎಳೆದಿದೆ. ಅದನ್ನು ನೀವೇ ಅನುಭವಿಸಿರಬಹುದು, ಕಣ್ಣಾರೆ ಕಂಡಿರಬಹುದು. ತೀರಾ ಹತ್ತಿರದವರು ಅಪಘಾತದಲ್ಲೋ ಹಿಂಸೆಯಲ್ಲೋ ಸಿಲುಕಿದ ಸುದ್ದಿ ಕೇಳಿರಬಹುದು. ಕೆಲಸದ ಭಾಗವಾಗಿ ಪದೇ ಪದೇ ಭೀಕರ ವಿವರಗಳನ್ನು ಎದುರಿಸಿರಬಹುದು. ಶವ ಎತ್ತುವ ರಕ್ಷಣಾ ಸಿಬ್ಬಂದಿ, ಮಕ್ಕಳ ಮೇಲಿನ ದೌರ್ಜನ್ಯದ ತನಿಖೆ ನಡೆಸುವ ಪೊಲೀಸರು ಈ ಕೊನೆಯ ಗುಂಪಿಗೆ ಸೇರುತ್ತಾರೆ. ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿದ ದೃಶ್ಯ, ಕೆಲಸದ ಭಾಗವಲ್ಲದಿದ್ದರೆ, ಈ ಗೆರೆಯೊಳಗೆ ಬರುವುದಿಲ್ಲ.

ಗಮನಿಸಿ, ಈ ಪಟ್ಟಿಯಲ್ಲಿ 'ಬೇರೆಯವರಿಗಿಂತ ಕೆಟ್ಟದ್ದು' ಎಂಬ ಷರತ್ತಿಲ್ಲ. ಗಾಯವೇ ಆಗದ ಅಪಘಾತವೂ ಸಾಕು, ಆ ಕ್ಷಣದಲ್ಲಿ ಪ್ರಾಣ ಹೋಗುವ ಸಾಧ್ಯತೆ ಇತ್ತೆಂದರೆ.

ವಿಚ್ಛೇದನ, ಕೆಲಸ ಕಳೆದುಕೊಳ್ಳುವುದು, ನಂಬಿದವರ ಮೋಸ ಇವು ಸಾಮಾನ್ಯವಾಗಿ ಆ ಗೆರೆಯ ಹೊರಗೆ ಉಳಿಯುತ್ತವೆ. ಹೊರಗೆ ಉಳಿದವು ಎಂದ ಮಾತ್ರಕ್ಕೆ ಆ ನೋವು ಸಣ್ಣದಾಗುವುದಿಲ್ಲ. ಅದಕ್ಕೆ ಬೇರೆ ಹೆಸರು, ಬೇರೆ ಚಿಕಿತ್ಸೆ ಇರಬಹುದು. ಗೆರೆಯ ಅಂಚಿನಲ್ಲಿದ್ದೀರಿ ಅನ್ನಿಸಿದರೆ ಪ್ರಶ್ನಾವಳಿ ತುಂಬಿ, ತೀರ್ಮಾನವನ್ನು ತಜ್ಞರಿಗೆ ಬಿಡಿ.

ಆಘಾತ ಕಂಡವರಿಗೆಲ್ಲ ಪಿಟಿಎಸ್‌ಡಿ ಬರುತ್ತದೆಯೇ?

ಬಹುಪಾಲು ಜನರಿಗೆ ಬರುವುದಿಲ್ಲ. ಜಗತ್ತಿನ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆಗೆ ಒಳಗಾಗುತ್ತಾರೆ, ಅವರಲ್ಲಿ ಪಿಟಿಎಸ್‌ಡಿ ಕಾಣಿಸಿಕೊಳ್ಳುವುದು ಸುಮಾರು 5.6% ಜನರಲ್ಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೈಂಗಿಕ ಹಿಂಸೆಯ ನಂತರ ಈ ಪ್ರಮಾಣ ಹೆಚ್ಚು. ಪುರುಷರಿಗಿಂತ ಮಹಿಳೆಯರಲ್ಲೂ ಹೆಚ್ಚು. ಬಂದದ್ದು ಮನೋಬಲ ಕಡಿಮೆ ಇದ್ದುದರಿಂದ ಎಂಬ ಮಾತಿಗೆ ಆಧಾರವಿಲ್ಲ.

ಘಟನೆ ನಡೆದು ಹತ್ತೇ ದಿನ. ಈಗಲೇ ತುಂಬಬಹುದೇ?

ತುಂಬಿದರೆ ಅಂಕ ಹೆಚ್ಚೇ ಬರುತ್ತದೆ, ಅದರಿಂದ ತಿಳಿಯುವುದು ಕಡಿಮೆ. ಮೊದಲ ವಾರಗಳಲ್ಲಿ ನಿದ್ದೆಗೆಡುವುದು, ಬೆಚ್ಚಿಬೀಳುವುದು, ಅದೇ ದೃಶ್ಯ ಕಣ್ಣ ಮುಂದೆ ಬರುವುದು ಹೆಚ್ಚಿನವರಿಗೆ ಆಗುತ್ತದೆ, ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಪಿಟಿಎಸ್‌ಡಿ ಎನ್ನಲು ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಇರಬೇಕು. 3 ದಿನದಿಂದ ಒಂದು ತಿಂಗಳ ಒಳಗೆ ತೀವ್ರ ಲಕ್ಷಣಗಳಿದ್ದರೆ ಅದಕ್ಕೆ ತೀವ್ರ ಒತ್ತಡದ ಕಾಯಿಲೆ ಎಂಬ ಬೇರೆ ಹೆಸರಿದೆ.

ಹಾಗೆಂದು ತಿಂಗಳು ತುಂಬುವವರೆಗೆ ಹಲ್ಲು ಕಚ್ಚಿ ಕೂರಬೇಕಿಲ್ಲ. ಊಟ, ನಿದ್ದೆ, ಕೆಲಸ ಮೂರೂ ಕೆಟ್ಟಿದ್ದರೆ ಈಗಲೇ ವೈದ್ಯರನ್ನು ಕಾಣಿ. ಈ ಅವಧಿಯಲ್ಲಿ ಮಾಡಬಾರದ ಎರಡು ಕೆಲಸಗಳಿವೆ. ಎಲ್ಲವನ್ನೂ ಒಂದೇ ಬೈಠಕ್ಕಿನಲ್ಲಿ ಹೇಳಿ ಹಗುರಾಗು ಎಂದು ಒತ್ತಾಯಿಸುವುದು ಮೊದಲನೆಯದು. ಹಾಗೆ ಒಂದೇ ಸಲ ಕೂರಿಸಿ ಹೇಳಿಸುವ ಕ್ರಮವನ್ನು ಈಗಿನ ಮಾರ್ಗಸೂಚಿಗಳು ಬೇಡ ಎನ್ನುತ್ತವೆ. ಎರಡನೆಯದು ಬೆಂಜೊಡಯಾಜಪೈನ್ ಗುಂಪಿನ ನಿದ್ರೆ ಮಾತ್ರೆಗಳನ್ನು ಶುರು ಮಾಡುವುದು. ಮೊದಲ ತಿಂಗಳ ಲಕ್ಷಣಗಳಿಗೆ ಅವನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಈಗಾಗಲೇ ನಿಯಮಿತವಾಗಿ ತೆಗೆದುಕೊಳ್ಳುತ್ತಿದ್ದವರು ಇದನ್ನೋದಿ ತಟ್ಟನೆ ನಿಲ್ಲಿಸಬೇಡಿ, ಅದು ಅಪಾಯ. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಘಟನೆ ನಡೆದು ಎಷ್ಟೋ ವರ್ಷವಾಯಿತು. ಈಗ ಶುರುವಾಗಲು ಸಾಧ್ಯವೇ?

ಸಾಧ್ಯ. ಆರು ತಿಂಗಳ ನಂತರವೇ ಪೂರ್ಣ ರೂಪಕ್ಕೆ ಬರುವ ಬಗೆಯನ್ನು ಡಿಎಸ್‌ಎಂ-5 ಗುರುತಿಸಿದೆ. ಕೆದಕಿ ಕೇಳಿದರೆ ಸಾಮಾನ್ಯವಾಗಿ ಒಂದೆರಡು ಲಕ್ಷಣ ಮೊದಲಿನಿಂದಲೂ ಇದ್ದದ್ದು ತಿಳಿಯುತ್ತದೆ. ನಿವೃತ್ತಿ, ಮಗು ಹುಟ್ಟುವುದು, ಇನ್ನೊಂದು ಸಾವು, ಕೋರ್ಟಿನಿಂದ ಬಂದ ನೋಟಿಸು ಇಂಥ ಯಾವುದಾದರೂ ಅದನ್ನು ಮೇಲೆಬ್ಬಿಸಬಹುದು.

ಯಾವ ಪ್ರಶ್ನಾವಳಿ ತುಂಬಲಿ? ಹುಡುಕಿದರೆ ಹತ್ತಾರು ಸಿಗುತ್ತವೆ.

'ನಿಮ್ಮ ಆಘಾತದ ಬಣ್ಣ ಯಾವುದು' ಎಂಬಂಥ ಮೋಜಿನ ಕ್ವಿಜ್‌ಗಳನ್ನು ಬಿಟ್ಟುಬಿಡಿ. ಪರೀಕ್ಷೆಗೊಳಪಟ್ಟು ನಿಂತವು ಕೆಲವೇ.

ಚಿಕ್ಕದು ಬೇಕಿದ್ದರೆ ಪಿಸಿ-ಪಿಟಿಎಸ್‌ಡಿ-5. ಕುಟುಂಬ ವೈದ್ಯರ ಚಿಕಿತ್ಸಾಲಯಗಳಿಗೆಂದು ರೂಪಿಸಿದ್ದು. ಮೊದಲು ಅಂಥ ಘಟನೆ ನಡೆದಿದೆಯೇ ಎಂದು ಕೇಳುತ್ತದೆ. ಇಲ್ಲವೆಂದರೆ ಅಲ್ಲಿಗೇ ಮುಗಿಯಿತು. ನಡೆದಿದ್ದರೆ ಕಳೆದ ಒಂದು ತಿಂಗಳ ಬಗ್ಗೆ ಹೌದು-ಇಲ್ಲ ಎಂದು ಉತ್ತರಿಸುವ ಐದು ಪ್ರಶ್ನೆಗಳು. ಕೆಟ್ಟ ಕನಸು ಅಥವಾ ಬೇಡವೆಂದರೂ ಬರುವ ನೆನಪು, ಅದನ್ನು ನೆನಪಿಸುವುದರಿಂದ ತಪ್ಪಿಸಿಕೊಳ್ಳುವುದು, ಸದಾ ಎಚ್ಚರದಲ್ಲಿರುವುದು ಅಥವಾ ಬೆಚ್ಚುವುದು, ಮನಸ್ಸು ಮರಗಟ್ಟಿದಂತೆ ಆಗುವುದು, ತನ್ನನ್ನೋ ಇತರರನ್ನೋ ದೂಷಿಸುತ್ತಲೇ ಇರುವುದು. 'ಹೌದು' ನಾಲ್ಕಕ್ಕೆ ಮುಟ್ಟಿದರೆ ಮುಂದಿನ ತಪಾಸಣೆ ಬೇಕು ಎಂಬುದು ಸಾಮಾನ್ಯ ಗಡಿ. ಯಾರೂ ತಪ್ಪಿಹೋಗಬಾರದು ಎಂದಿದ್ದಲ್ಲಿ ಮೂರನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಗಡಿ ನಾಲ್ಕಾದರೆ ಮಹಿಳೆಯರಲ್ಲಿ ಹೆಚ್ಚು ಮಂದಿ ಜರಡಿಯಿಂದ ಜಾರಿಹೋಗುತ್ತಾರೆ, ಹಾಗಾಗಿ ಮಹಿಳೆಯರು ಮೂರು ಬಂದರೂ ಸಾಕೆಂದುಕೊಂಡು ವೈದ್ಯರನ್ನು ಕಾಣುವುದು ಒಳ್ಳೆಯದು.

ವಿವರವಾದದ್ದು ಬೇಕಿದ್ದರೆ ಪಿಸಿಎಲ್-5. ಇದೂ ಮೇಲಿನದೂ ಎರಡೂ ಅಮೆರಿಕದ ನಿವೃತ್ತ ಸೈನಿಕರ ಇಲಾಖೆಯ ರಾಷ್ಟ್ರೀಯ ಪಿಟಿಎಸ್‌ಡಿ ಕೇಂದ್ರದ ಮೂಲಕ ಬಂದವು, ಬಳಸಲು ಹಣ ಕೊಡಬೇಕಿಲ್ಲ. ದುಡ್ಡು ಕೇಳುವ ತಾಣದಲ್ಲಿ ಇವು ಕಂಡರೆ ಅಲ್ಲಿಂದ ಹೊರಬನ್ನಿ.

ಪಿಸಿಎಲ್-5 ಅನ್ನು ಸರಿಯಾಗಿ ತುಂಬುವುದು ಹೇಗೆ?

ಅದರಲ್ಲಿ 20 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ: ಇಲ್ಲವೇ ಇಲ್ಲ, ಸ್ವಲ್ಪ, ಮಧ್ಯಮ, ಸಾಕಷ್ಟು, ವಿಪರೀತ. ಒಟ್ಟು 80. ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಜನ ಎಡವುವುದು ಲೆಕ್ಕದಲ್ಲಲ್ಲ, ಉತ್ತರಿಸುವ ರೀತಿಯಲ್ಲಿ.

ಮೊದಲು ಘಟನೆಯನ್ನು ಆರಿಸಿಕೊಳ್ಳಬೇಕು. ಹಲವು ಆಗಿದ್ದರೆ ಈಗ ಅತಿ ಹೆಚ್ಚು ಕಾಡುವ ಒಂದನ್ನು ಹಿಡಿಯಿರಿ. ಐದು ಪ್ರಶ್ನೆಗೆ ಅಪಘಾತವನ್ನೂ ಮುಂದಿನ ಐದಕ್ಕೆ ಬಾಲ್ಯವನ್ನೂ ನೆನೆದು ಉತ್ತರಿಸಿದರೆ ಅಂಕಕ್ಕೆ ಅರ್ಥವೇ ಇರುವುದಿಲ್ಲ. ಎರಡನೆಯದಾಗಿ, ಪ್ರಶ್ನೆ ಕೇಳುವುದು ಕಳೆದ ಒಂದು ತಿಂಗಳನ್ನು ಮಾತ್ರ. ಹೋದ ವರ್ಷ ದಿನವೂ ಕೆಟ್ಟ ಕನಸು ಬೀಳುತ್ತಿತ್ತು, ಈಗ ಇಲ್ಲ ಎಂದಾದರೆ ಉತ್ತರ ಸೊನ್ನೆ. ಮೂರನೆಯದಾಗಿ, ಅಂಕ ಕೊಡಬೇಕಾದ್ದು ಆ ಲಕ್ಷಣ ಎಷ್ಟು ಕಾಡಿತು ಎಂಬುದಕ್ಕೆ. ತಿಂಗಳಿಗೆ ಎರಡೇ ಸಲ ಬಂದ ಕನಸು ಎರಡು ಇಡೀ ದಿನಗಳನ್ನು ಕೆಡಿಸಿತ್ತೆಂದರೆ ಅದು 'ಸ್ವಲ್ಪ' ಅಲ್ಲ.

ಎಲ್ಲಕ್ಕಿಂತ ಕಷ್ಟದ್ದು ತಪ್ಪಿಸಿಕೊಳ್ಳುವಿಕೆಯ ಎರಡು ಪ್ರಶ್ನೆಗಳು, 6 ಮತ್ತು 7ನೆಯವು. ಒಂದು ಉದಾಹರಣೆ ನೋಡೋಣ. ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿದವರೊಬ್ಬರು ಈಗ ಕಾರು ಓಡಿಸುವುದೇ ಇಲ್ಲ, ಆ ರಸ್ತೆ ತಪ್ಪಿಸಲು ದಿನವೂ ಮುಕ್ಕಾಲು ಗಂಟೆ ಸುತ್ತಿ ಬಸ್ಸಿನಲ್ಲಿ ಹೋಗುತ್ತಾರೆ. ರಾತ್ರಿ ಕಣ್ಣು ಮುಚ್ಚಿದರೆ ಆ ಸದ್ದು ಕೇಳಿಸುತ್ತದೆಂದು ಮೂರರವರೆಗೆ ಟಿವಿ ಹಚ್ಚಿಟ್ಟು ಅಲ್ಲೇ ಒರಗುತ್ತಾರೆ. ಹೆಂಡತಿ ಆ ದಿನದ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾರೆ. ಪ್ರಶ್ನಾವಳಿ ಕೊಟ್ಟಾಗ ಅವರ ಉತ್ತರ: ನೆನಪು ಕಾಡುತ್ತದೆಯೇ? ಇಲ್ಲ, 0. ಕೆಟ್ಟ ಕನಸು? 0. ತಪ್ಪಿಸಿಕೊಳ್ಳುತ್ತೀರಾ? 'ಹಾಗೇನಿಲ್ಲ, ಬಸ್ಸೇ ಅನುಕೂಲ', 0. ಒಂದು ಉತ್ತರವೂ ಸುಳ್ಳಲ್ಲ. ನೆನಪು ಬರದಂತೆ ಇಡೀ ದಿನವನ್ನು ಕಟ್ಟಿಕೊಂಡವರಿಗೆ ನೆನಪು ಬರುವುದು ಕಡಿಮೆಯೇ.

ಅದಕ್ಕೇ ಈ ಎರಡು ಪ್ರಶ್ನೆಗಳ ಮುಂದೆ ನಿಂತು ಇನ್ನೊಂದನ್ನು ಕೇಳಿಕೊಳ್ಳಿ: ಆ ಘಟನೆಗೆ ಮೊದಲು ಸಹಜವಾಗಿ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೇನೆ? ಯಾವ ದಾರಿ, ಯಾವ ಜನ, ಯಾವ ಬಟ್ಟೆ, ದಿನದ ಯಾವ ಹೊತ್ತು? ಪಟ್ಟಿ ಉದ್ದವಾದರೆ ಅಂಕವೂ ಅದಕ್ಕೆ ತಕ್ಕಂತೆ ಏರಬೇಕು.

31, 33 ಎಂದೆಲ್ಲ ಹೇಳುತ್ತಾರೆ. ಏನದು?

ಪಿಸಿಎಲ್-5ರಲ್ಲಿ 31ರಿಂದ 33ರ ಆಸುಪಾಸಿನ ಅಂಕ ಬಂದರೆ ಪಿಟಿಎಸ್‌ಡಿ ಇರುವ ಸಂಭವವಿದೆ, ತಪಾಸಣೆ ಬೇಕು ಎಂದು ಲೆಕ್ಕ. ಇದು ಗೋಡೆಯಂಥ ಗಡಿಯಲ್ಲ. 29 ಬಂದವರು ನಿಟ್ಟುಸಿರು ಬಿಡುವುದಕ್ಕೂ 34 ಬಂದವರು ಕುಸಿಯುವುದಕ್ಕೂ ಕಾರಣವಿಲ್ಲ. ಬೆಳಿಗ್ಗೆ ತುಂಬಿದ್ದನ್ನು ಸಂಜೆ ಮತ್ತೆ ತುಂಬಿದರೇ ಎರಡು ಮೂರು ಅಂಕ ಆಚೀಚೆ ಆಗಬಹುದು.

ಒಟ್ಟು ಅಂಕದ ಜೊತೆಗೆ ಹಂಚಿಕೆಯನ್ನೂ ನೋಡುವ ಕ್ರಮವಿದೆ, ನನಗೆ ಅದೇ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. 2 ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟ ಪ್ರಶ್ನೆಗಳನ್ನು ಮಾತ್ರ ಗುರುತು ಹಾಕಿ. 1ರಿಂದ 5ರವರೆಗಿನವು ಮರುಕಳಿಸುವ ಅನುಭವಗಳು: ಇಲ್ಲಿ ಒಂದಾದರೂ ಇರಬೇಕು. 6 ಮತ್ತು 7 ತಪ್ಪಿಸಿಕೊಳ್ಳುವಿಕೆ: ಇಲ್ಲೂ ಒಂದು. 8ರಿಂದ 14 ಯೋಚನೆ ಮತ್ತು ಮನಃಸ್ಥಿತಿಯ ಬದಲಾವಣೆ, ಅಂದರೆ ಅಪರಾಧಿ ಭಾವ, 'ಯಾರನ್ನೂ ನಂಬುವಂತಿಲ್ಲ' ಎಂಬ ನಿಲುವು, ಆಸಕ್ತಿ ಬತ್ತುವುದು: ಎರಡು. 15ರಿಂದ 20 ಮೈಮನಗಳ ಕಟ್ಟೆಚ್ಚರ, ಅಂದರೆ ಸಿಡುಕು, ಬೆಚ್ಚುವುದು, ಗಮನ ನಿಲ್ಲದಿರುವುದು, ನಿದ್ದೆಗೇಡು, ಅಪಾಯಕ್ಕೆ ಒಡ್ಡಿಕೊಳ್ಳುವುದು: ಎರಡು. ನಾಲ್ಕೂ ಗುಂಪು ತುಂಬಿದ್ದರೆ ಒಟ್ಟು ಅಂಕ ಗಡಿಗಿಂತ ತುಸು ಕೆಳಗಿದ್ದರೂ ವೈದ್ಯರ ಬಳಿ ಹೋಗಿ.

ಅಂಕ ಹೆಚ್ಚು ಬಂದಿದೆ. ಹಾಗಾದರೆ ನನಗೆ ಪಿಟಿಎಸ್‌ಡಿ ಇದೆ ಅಂತಲೇ?

ಇರಬಹುದು, ಇಲ್ಲದಿರಲೂಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಸಂಖ್ಯೆಗಳು ಲೆಕ್ಕಕ್ಕೆಂದು ಹಿಡಿದವು. 1000 ಜನ ಪ್ರಶ್ನಾವಳಿ ತುಂಬಿದರು, ಅವರಲ್ಲಿ ನಿಜಕ್ಕೂ ಕಾಯಿಲೆ ಇರುವವರು 50 ಎಂದಿಟ್ಟುಕೊಳ್ಳಿ. ಪ್ರಶ್ನಾವಳಿ ಕಾಯಿಲೆ ಇರುವವರಲ್ಲಿ 90% ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 80% ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಹಾಗಾದರೆ ಕಾಯಿಲೆ ಇರುವ 50 ಜನರಲ್ಲಿ 45 ಮಂದಿಯನ್ನು ಅದು ಹಿಡಿಯಿತು. ಆದರೆ ಕಾಯಿಲೆ ಇಲ್ಲದ 950 ಜನರಲ್ಲೂ 190 ಮಂದಿಗೆ ಅಂಕ ಹೆಚ್ಚು ಬಂದಿರುತ್ತದೆ. ಒಟ್ಟು 235 ಜನರ ಅಂಕ ಗಡಿ ದಾಟಿತು, ಅವರಲ್ಲಿ ಕಾಯಿಲೆ ಇರುವವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಈಚೆಗೆ ಆಘಾತ ಕಂಡು ಚಿಕಿತ್ಸೆ ಹುಡುಕಿ ಬಂದವರ ಗುಂಪಿನಲ್ಲಿ ಇದೇ ಪ್ರಶ್ನಾವಳಿ ಇದಕ್ಕಿಂತ ಎಷ್ಟೋ ನಿಖರ, ಏಕೆಂದರೆ ಅಲ್ಲಿ ಕಾಯಿಲೆ ಇರುವವರ ಪ್ರಮಾಣವೇ ಹೆಚ್ಚು.

ಮತ್ತೆ, ಆ 190 ಜನ ಆರಾಮವಾಗಿದ್ದಾರೆ ಎಂದೇನೂ ಅಲ್ಲ. ಖಿನ್ನತೆಯಲ್ಲೂ ನಿದ್ದೆ ಕೆಡುತ್ತದೆ, ಆಸಕ್ತಿ ಹೋಗುತ್ತದೆ, ಗಮನ ನಿಲ್ಲುವುದಿಲ್ಲ. ಆತಂಕದ ಕಾಯಿಲೆಯಲ್ಲೂ ಎದೆ ಢವಗುಡುತ್ತದೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಮರೆವು, ಸಿಡುಕು ಕಾಣುತ್ತವೆ. ಅಪಘಾತದ ನಂತರ ಪೆಟ್ಟೂ ಆಘಾತವೂ ಒಟ್ಟಿಗೇ ಇರಬಹುದು. ಥೈರಾಯ್ಡ್ ಏರಿದರೂ ಮೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. ಯಾವುದು ಯಾವುದೆಂದು ಬಿಡಿಸುವುದು ವೈದ್ಯರ ಕೆಲಸ.

ಅಂಕ ಕಡಿಮೆ, ಆದರೆ ನಾನು ಸರಿಯಿಲ್ಲ.

ಅಂಕವನ್ನು ಬದಿಗಿಟ್ಟು ನಿಮ್ಮ ಮಾತನ್ನೇ ನಂಬಿ. ಹೆದ್ದಾರಿಯ ಉದಾಹರಣೆ ಮತ್ತೊಮ್ಮೆ ಓದಿ. ಗಡಿ ಮುಟ್ಟದಿದ್ದರೂ ಬದುಕು ಕುಂಟುವಷ್ಟು ಲಕ್ಷಣಗಳಿರುವವರಿಗೆ ನೆರವು ಪಡೆಯುವ ಹಕ್ಕಿದೆ, ಅದಕ್ಕೆ ಯಾವ ಅಂಕಪಟ್ಟಿಯ ಅನುಮತಿಯೂ ಬೇಡ.

ಫ್ಲ್ಯಾಶ್‌ಬ್ಯಾಕ್ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆಯೇ? ನನಗೆ ಹಾಗೇನೂ ಆಗುವುದಿಲ್ಲ.

ತೆರೆಯ ಮೇಲಿನಂತೆ ಇಡೀ ಘಟನೆ ಮೊದಲಿನಿಂದ ಕೊನೆಯವರೆಗೆ ಓಡುವುದು ಅಪರೂಪ. ಹೆಚ್ಚಾಗಿ ಬರುವುದು ಒಂದು ಚೂರು: ಬ್ರೇಕಿನ ಸದ್ದು, ಸುಟ್ಟ ರಬ್ಬರಿನ ವಾಸನೆ, ಮಣಿಕಟ್ಟಿನ ಮೇಲೆ ಯಾರದೋ ಬಿಗಿ ಹಿಡಿತ. ಕೆಲವರಿಗೆ ಚಿತ್ರವೇ ಇರುವುದಿಲ್ಲ, ಮೈ ಮಾತ್ರ ಆ ದಿನಕ್ಕೆ ಮರಳುತ್ತದೆ. ಹೊಟ್ಟೆ ತೊಳಸುತ್ತದೆ, ಗಂಟಲು ಕಟ್ಟುತ್ತದೆ, ಅಂಗೈ ಬೆವರುತ್ತದೆ, ಯಾಕೆಂದು ತಿಳಿಯುವುದಿಲ್ಲ. ಹಳೆಯ ನೆನಪಿಗೂ ಇದಕ್ಕೂ ಇರುವ ವ್ಯತ್ಯಾಸ ಕಾಲದ್ದು. ನೆನಪಿನಲ್ಲಿ 'ಅದು ಆಗಿಹೋಯಿತು' ಎಂಬ ಅರಿವಿರುತ್ತದೆ. ಇಲ್ಲಿ 'ಈಗ ಆಗುತ್ತಿದೆ' ಎಂಬ ಭಾವ. ಪಿಸಿಎಲ್-5ರ ಮೂರನೇ ಪ್ರಶ್ನೆ ಕೇಳುವುದು ಇದನ್ನೇ, ಒಂದೆರಡು ಸೆಕೆಂಡಿನ ಅನುಭವವೂ ಲೆಕ್ಕಕ್ಕೆ ಬರುತ್ತದೆ.

ನನಗೆ ಅಳುವೇ ಬರುವುದಿಲ್ಲ. ಏನೂ ಅನ್ನಿಸುವುದಿಲ್ಲ. ಇದು ಚೇತರಿಕೆಯೇ?

ಯಾವುದಕ್ಕೂ ನೋಯುವುದಿಲ್ಲ, ಹಾಗೆಯೇ ಯಾವುದಕ್ಕೂ ಖುಷಿಯಾಗುವುದಿಲ್ಲ, ಮಗು ತಬ್ಬಿಕೊಂಡರೂ ಒಳಗೆ ಏನೂ ಮಿಡಿಯುವುದಿಲ್ಲ ಎಂದಾದರೆ ಅದು ಚೇತರಿಕೆಯಲ್ಲ, ಮರಗಟ್ಟುವಿಕೆ. ಪ್ರಶ್ನಾವಳಿಯಲ್ಲಿ ಅದಕ್ಕೆಂದೇ ಪ್ರಶ್ನೆಗಳಿವೆ. 'ಎಷ್ಟು ಗಟ್ಟಿಯಾಗಿದ್ದಾಳೆ ನೋಡು' ಎಂದು ಸುತ್ತಲಿನವರು ಮೆಚ್ಚಿಕೊಳ್ಳುವುದರಿಂದ ಇದು ಬೇಗ ಪತ್ತೆಯಾಗುವುದಿಲ್ಲ.

ನನ್ನದು ಒಂದು ಘಟನೆಯಲ್ಲ. ಬಾಲ್ಯವಿಡೀ ಹಾಗೇ ಇತ್ತು.

ವರ್ಷಗಟ್ಟಲೆ ನಡೆದ, ತಪ್ಪಿಸಿಕೊಳ್ಳಲಾಗದ ಹಿಂಸೆಯ ನಂತರ ಕಾಣುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿ 'ಸಂಕೀರ್ಣ ಪಿಟಿಎಸ್‌ಡಿ' ಎಂದು ಬೇರೆಯಾಗಿಯೇ ಪಟ್ಟಿ ಮಾಡಿದೆ. ಈ ಆವೃತ್ತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಪಿಟಿಎಸ್‌ಡಿಯ ಮುಖ್ಯ ಲಕ್ಷಣಗಳ ಜೊತೆಗೆ ಮೂರು ಹೆಚ್ಚಿನವು ಅಲ್ಲಿವೆ: ಭಾವನೆಗಳು ಹತೋಟಿಗೆ ಸಿಗದಿರುವುದು, 'ನಾನು ಯಾವುದಕ್ಕೂ ಬಾರದವಳು' ಎಂಬ ಆಳವಾದ ನಂಬಿಕೆ, ಸಂಬಂಧಗಳನ್ನು ಉಳಿಸಿಕೊಳ್ಳಲಾಗದಿರುವುದು. ಡಿಎಸ್‌ಎಂ-5ರಲ್ಲಿ ಈ ಹೆಸರಿನ ಪ್ರತ್ಯೇಕ ಕಾಯಿಲೆ ಇಲ್ಲ, ಹಾಗಾಗಿ ಇಬ್ಬರು ತಜ್ಞರು ಎರಡು ಹೆಸರು ಹೇಳಿದರೆ ಗಾಬರಿ ಬೇಡ.

ಇದಕ್ಕೆ ಹೊಂದುವ ಪ್ರಶ್ನಾವಳಿ ಐಟಿಕ್ಯು, ಅಂದರೆ ಅಂತರರಾಷ್ಟ್ರೀಯ ಆಘಾತ ಪ್ರಶ್ನಾವಳಿ. ಕೆಲವೊಮ್ಮೆ ಇಂಥ ಬಾಲ್ಯ ಕಳೆದವರು ಪ್ರಶ್ನಾವಳಿಗೆ ಉತ್ತರಿಸಲು ಹೊರಟಾಗ ಇನ್ನೊಂದು ತೊಡಕು ಎದುರಾಗುತ್ತದೆ. 'ಘಟನೆಗೆ ಮೊದಲು ಹೇಗಿದ್ದಿರಿ' ಎಂದರೆ ಅವರಿಗೆ 'ಮೊದಲು' ಎಂಬುದೇ ಇಲ್ಲ. ಆ ಪ್ರಶ್ನೆಯನ್ನು ಬಿಟ್ಟು, ಈಗ ದಿನ ಹೇಗೆ ಸಾಗುತ್ತಿದೆ ಎಂಬುದರ ಮೇಲೆಯೇ ಉತ್ತರಿಸಿದರೆ ಸಾಕು.

ತುಂಬುತ್ತಿರುವಾಗಲೇ ಕೈ ನಡುಗಲು ಶುರುವಾಯಿತು.

ನಿಲ್ಲಿಸಿ. ಅರ್ಧ ತುಂಬಿದ್ದೂ ವೈದ್ಯರಿಗೆ ಮಾಹಿತಿಯೇ. ಪಾದಗಳನ್ನು ನೆಲಕ್ಕೆ ಒತ್ತಿ ಕೂರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ, ಇವತ್ತಿನ ತಾರೀಖು ಹೇಳಿಕೊಳ್ಳಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಘಟನೆಯ ವಿವರ ಬರೆಯಿರಿ ಎಂದು ಪ್ರಶ್ನಾವಳಿ ಕೇಳಿದ್ದರೆ 'ಅಪಘಾತ' ಎಂಬ ಒಂದು ಪದ ಸಾಕು. ಮಲಗುವ ಮುನ್ನ, ಒಬ್ಬರೇ ಇರುವಾಗ ತುಂಬಬೇಡಿ. ಹಗಲಿನಲ್ಲಿ, ಆಮೇಲೆ ಮಾಡಲು ಒಂದು ಸಾಧಾರಣ ಕೆಲಸ ಇಟ್ಟುಕೊಂಡು ಕೂರಿ.

ಗಂಡನ ಪರವಾಗಿ ನಾನು ತುಂಬಬಹುದೇ?

ಅಂಕಕ್ಕಾಗಿ ಬೇಡ. ಒಳಗಿನ ಕನಸು, ನೆನಪು ನಿಮಗೆ ಕಾಣುವುದಿಲ್ಲ. ನಿಮಗೆ ಕಾಣುವುದನ್ನು ಬರೆದಿಡಿ: ನಿದ್ದೆಯಲ್ಲಿ ಕಿರುಚಿದ್ದು, ಬಾಗಿಲ ಚಿಲಕ ಮತ್ತೆ ಮತ್ತೆ ನೋಡುವುದು, ಊಟದ ಮಧ್ಯೆ ಎದ್ದು ಹೋಗುವುದು. ಅವರು ಒಪ್ಪಿದರೆ ಆ ಟಿಪ್ಪಣಿ ವೈದ್ಯರಿಗೆ ಬಹಳ ಉಪಯೋಗ. ಒಪ್ಪದಿದ್ದರೆ 'ನಿನಗೆ ಪಿಟಿಎಸ್‌ಡಿ ಇದೆ' ಎಂಬ ತೀರ್ಪಿಗಿಂತ 'ನೀನು ರಾತ್ರಿ ಮಲಗುತ್ತಿಲ್ಲ, ನನಗೆ ಚಿಂತೆಯಾಗಿದೆ' ಎಂಬ ಮಾತು ದೂರ ಹೋಗುತ್ತದೆ.

ಮಕ್ಕಳಿಗೆ ಇದೇ ಪ್ರಶ್ನಾವಳಿ ಆಗುತ್ತದೆಯೇ?

ಆಗುವುದಿಲ್ಲ. ಮೇಲಿನವು ದೊಡ್ಡವರಿಗೆ. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಡಿಎಸ್‌ಎಂ-5ರಲ್ಲಿ ಮಾನದಂಡವೇ ಬೇರೆ. ಚಿಕ್ಕವರು ಹೇಳುವುದಿಲ್ಲ, ಆಡಿ ತೋರಿಸುತ್ತಾರೆ: ಆಟದ ಕಾರುಗಳನ್ನು ಒಂದೇ ರೀತಿ ಮತ್ತೆ ಮತ್ತೆ ಡಿಕ್ಕಿ ಹೊಡೆಸುತ್ತಾರೆ, ಆ ಆಟದಲ್ಲಿ ನಗು ಇರುವುದಿಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಬಹುದು, ಅಮ್ಮನ ಸೆರಗು ಬಿಡದಿರಬಹುದು. ಮಕ್ಕಳ ಮನೋವೈದ್ಯರನ್ನೋ ಮಕ್ಕಳ ವೈದ್ಯರನ್ನೋ ಕಾಣಿ.

ಸ್ವಲ್ಪ ಕುಡಿದರೆ ಮಾತ್ರ ನಿದ್ದೆ ಬರುತ್ತದೆ. ಇದನ್ನು ಹೇಳಬೇಕೇ?

ಹೇಳಲೇಬೇಕು. ಮದ್ಯ ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಒಡೆಯುತ್ತದೆ. ಪ್ರಶ್ನಾವಳಿಯ ಅಂಕವನ್ನೂ ಮಸುಕು ಮಾಡುತ್ತದೆ, ಏಕೆಂದರೆ ಕಾಡುವಿಕೆಯನ್ನು ಗ್ಲಾಸು ತಗ್ಗಿಸಿರುತ್ತದೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಅದಕ್ಕೂ ವೈದ್ಯರ ನಿಗಾ ಬೇಕು.

ಆನ್‌ಲೈನಿನಲ್ಲಿ ತುಂಬಿದ್ದು ಬೇರೆಯವರ ಕೈಗೆ ಹೋಗುತ್ತದೆಯೇ?

ಹೋಗಬಹುದು. ಹೆಸರು, ಫೋನ್ ನಂಬರು, ಇಮೇಲ್ ಕೇಳುವಲ್ಲಿ ತುಂಬಬೇಡಿ. ಕಚೇರಿಯ ಕಂಪ್ಯೂಟರಿನಲ್ಲೂ ಬೇಡ. ಮುದ್ರಿಸಿಕೊಂಡು ಪೆನ್ನಿನಲ್ಲಿ ಗುರುತು ಹಾಕಿದರೆ ಅಂಕದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ.

ಇದಕ್ಕೆ ಚಿಕಿತ್ಸೆ ಇದೆಯೇ, ಅಥವಾ ಬದುಕಿಡೀ ಹೀಗೇನಾ?

ಇದೆ, ಚೆನ್ನಾಗಿ ಕೆಲಸ ಮಾಡುವಂಥದ್ದೇ ಇದೆ. 1980ರಲ್ಲಿ ಪಿಟಿಎಸ್‌ಡಿ ಮೊದಲ ಬಾರಿಗೆ ರೋಗಗಳ ಕೈಪಿಡಿಗೆ ಸೇರಿದಾಗ ಇದ್ದ ಸ್ಥಿತಿಗೂ ಇವತ್ತಿಗೂ ಬಹಳ ಅಂತರ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆಗಳಿಗೆ ಮೊದಲ ಸ್ಥಾನ. ಒಂದರಲ್ಲಿ ತಪ್ಪಿಸಿಕೊಂಡದ್ದನ್ನು ಹಂತಹಂತವಾಗಿ ಎದುರಿಸುತ್ತಾರೆ. ಇನ್ನೊಂದರಲ್ಲಿ 'ತಪ್ಪು ನನ್ನದೇ' ಎಂಬಂಥ ಗಂಟುಬಿದ್ದ ನಂಬಿಕೆಗಳನ್ನು ಪರೀಕ್ಷೆಗೆ ಒಡ್ಡುತ್ತಾರೆ. ಇದಕ್ಕೆ ಸಾಮಾನ್ಯವಾಗಿ 12 ಭೇಟಿಗಳು. ಕಣ್ಣಿನ ಚಲನೆಯ ಜೊತೆಗೆ ನೆನಪನ್ನು ಸಂಸ್ಕರಿಸುವ ಇಎಂಡಿಆರ್ ಮತ್ತೊಂದು. ಔಷಧಗಳಲ್ಲಿ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಹೆಚ್ಚು ಬಳಕೆಯಲ್ಲಿವೆ. ಎಲ್ಲರಿಗೂ ಒಂದೇ ವೇಗದಲ್ಲಿ ಗುಣವಾಗುವುದಿಲ್ಲ, ಒಂದು ವಿಧಾನ ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗುವುದು ಮಾಮೂಲು.

ಎಷ್ಟು ದಿನಕ್ಕೊಮ್ಮೆ ಮತ್ತೆ ತುಂಬಲಿ?

ಚಿಕಿತ್ಸೆಯಲ್ಲಿಲ್ಲದಿದ್ದರೆ ತಿಂಗಳಿಗೊಮ್ಮೆಗಿಂತ ಹೆಚ್ಚು ಬೇಡ. ದಿನವೂ ಅಂಕ ನೋಡಿಕೊಳ್ಳುವುದೇ ಒಂದು ಚಟವಾಗುತ್ತದೆ. ಚಿಕಿತ್ಸೆಯಲ್ಲಿದ್ದರೆ ಚಿಕಿತ್ಸಕರು ವಾರಕ್ಕೊಮ್ಮೆಯೂ ತುಂಬಿಸಬಹುದು, ಅದಕ್ಕೆ 'ಕಳೆದ ಒಂದು ವಾರ' ಎಂದು ಕೇಳುವ ರೂಪವೇ ಇದೆ.

ವೈದ್ಯರ ಎದುರು ಕೂತಾಗ ಬಾಯಿ ಕಟ್ಟುತ್ತದೆ. ಎಲ್ಲಿಂದ ಶುರು ಮಾಡಲಿ?

ಘಟನೆಯಿಂದ ಶುರು ಮಾಡಬೇಕಿಲ್ಲ. ತುಂಬಿದ ಹಾಳೆಯನ್ನು ಮೇಜಿನ ಮೇಲಿಟ್ಟು 'ಇದನ್ನು ಮೊದಲು ನೋಡಿ' ಎನ್ನಿ. ಅತಿ ಹೆಚ್ಚು ಕಾಡುವ ಎರಡು ಪ್ರಶ್ನೆಗಳಿಗೆ ಸುತ್ತು ಹಾಕಿಟ್ಟಿರಿ. ಮಾತು ಹೊರಡದಿದ್ದರೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಬಹುದು: ಯಾವಾಗಿನಿಂದ ಹೀಗಿದೆ, ನಿದ್ದೆ ಎಷ್ಟು ಗಂಟೆ, ಯಾವ ಮಾತ್ರೆ ಮತ್ತು ಮದ್ಯ ತೆಗೆದುಕೊಳ್ಳುತ್ತೀರಿ, ಬದುಕು ಬೇಡವೆನ್ನಿಸಿದ್ದು ಉಂಟೇ. ವಿವರ ಕೇಳಿದಾಗ 'ಇವತ್ತು ಅಷ್ಟು ಹೇಳಲಾರೆ, ಮುಂದಿನ ಸಲ' ಎನ್ನಬಹುದು; ಒಳ್ಳೆಯ ವೈದ್ಯರು ಅದಕ್ಕೆ ಒಪ್ಪುತ್ತಾರೆ. ಹಾಳೆಯನ್ನು ನೋಡದೆಯೇ 'ಮರೆತುಬಿಡಿ, ಎಲ್ಲ ಸರಿಹೋಗುತ್ತದೆ' ಎಂದು ಎರಡು ನಿಮಿಷದಲ್ಲಿ ಕಳಿಸಿದರೆ ಅದೇ ಹಾಳೆಯನ್ನು ಹಿಡಿದುಕೊಂಡು ಇನ್ನೊಬ್ಬರ ಬಳಿ ಹೋಗಿ.